ಆಂಪ್ಲಿಫಯರ್ ಕಟ್ಟುವ ಕೈಗಳಿಗೆ ಒಂದು ಬಹಿರಂಗ ಪತ್ರ

ಪಟಾನ್‌ಚೆರು

ಪ್ರೀತಿಯ ಆಡಿಯೊ ಹವ್ಯಾಸಿಗಳೇ, ಮೈಕ್‌ಸೆಟ್ ಮತ್ತು ಆಂಪ್ಲಿಫಯರ್ ರಿಪೇರಿಯ ಮಿತ್ರರೇ,



ಹುಮನಾಬಾದ್, ಬಸವಕಲ್ಯಾಣ, ಬೀದರ್, ಜಹೀರಾಬಾದ್ ಕಡೆಯಿಂದ ಕೆಲಸ ಹುಡುಕಿಕೊಂಡು 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಬಂದು ಪಟಾನ್‌ಚೆರು, ರಾಮಚಂದ್ರಾಪುರ, ಸಂಗಾರೆಡ್ಡಿಗಳಲ್ಲಿ ನೆಲೆ ನಿಂತ ಕನ್ನಡಿಗರ ನಡುವೆ, ದಿನದ ದುಡಿಮೆ ಮುಗಿದ ಮೇಲೂ ಸೋಲ್ಡರಿಂಗ್ ಕಡ್ಡಿ ಕಾಯಿಸುವವರು ಒಂದಷ್ಟು ಮಂದಿ ಇದ್ದೀರಿ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಐಸಿ, ಕೆಪಾಸಿಟರ್, ಹೀಟ್‌ಸಿಂಕ್ ಆರಿಸಿ ತಂದು ಆಂಪ್ಲಿಫಯರ್ ಕಟ್ಟುವವರು, ಹಳೆಯ ಸ್ಪೀಕರಿಗೆ ಹೊಸ ಪೆಟ್ಟಿಗೆ ಮಾಡುವವರು, ಜಾತ್ರೆಗೆ ಹೋಗುವ ಮೈಕ್‌ಸೆಟ್ಟನ್ನು ಹಿಂದಿನ ರಾತ್ರಿ ಸರಿಮಾಡಿ ಕೊಡುವವರು. ಈ ಪತ್ರ ನಿಮಗೆ. ನಿಮ್ಮಲ್ಲಿ ಕೆಲವರು ಡ್ರೋನ್ ಕಟ್ಟುವ ಹವ್ಯಾಸದತ್ತ ಆಸೆಯಿಂದ ನೋಡುತ್ತಿದ್ದೀರಿ. ಅದು ಎಂಜಿನಿಯರಿಂಗ್ ಓದಿದ ಹುಡುಗರ ವಿದ್ಯೆ, ನಮಗೆ ಒಲಿಯುವಂಥದ್ದಲ್ಲ ಎಂದುಕೊಂಡು ಹಿಂದೆ ಸರಿಯುವವರೇ ಹೆಚ್ಚು. ಹಾಗೆ ಹಿಂದೆ ಸರಿಯಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಸುತ್ತ ಏನಾಗುತ್ತಿದೆ ನೋಡಿ. ಇಲ್ಲೇ ಪಟಾನ್‌ಚೆರುವಿನಲ್ಲಿ 1972ರಿಂದ ಇರುವ ಇಕ್ರಿಸ್ಯಾಟ್ ಸಂಸ್ಥೆಗೆ, ಬೆಳೆ ಸಂಶೋಧನೆಗೆ ಡ್ರೋನ್ ಹಾರಿಸಲು ನಾಗರಿಕ ವಿಮಾನಯಾನ ಸಚಿವಾಲಯ 2020ರ ನವೆಂಬರಿನಲ್ಲಿ ಷರತ್ತಿನ ಅನುಮತಿ ಕೊಟ್ಟಿತು. ನೆರೆಯ ವಿಕಾರಾಬಾದಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಡ್ರೋನಿನ ಮೂಲಕ ಔಷಧ ಸಾಗಿಸುವ ಪ್ರಯೋಗ ಶುರುವಾಯಿತು. ಕಂದಿಯ ಐಐಟಿ ಹೈದರಾಬಾದಿನಲ್ಲಿ ಚಾಲಕರಹಿತ ವಾಹನಗಳನ್ನು ಪರೀಕ್ಷಿಸುವ ಟಿಹಾನ್ ಕೇಂದ್ರದ ಪ್ರಯೋಗಾಂಗಣ 2022ರ ಜುಲೈಯಲ್ಲಿ ತೆರೆಯಿತು. ಮೂರೂ ಪಟಾನ್‌ಚೆರುವಿನಿಂದ ಹೋಗಿ ಸಂಜೆಗೆ ಮನೆ ಸೇರಬಹುದಾದ ದೂರದಲ್ಲಿವೆ. ಇಷ್ಟು ಹತ್ತಿರದಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ, ಕೈಯಲ್ಲಿ ಎಲೆಕ್ಟ್ರಾನಿಕ್ಸ್ ಬಲ್ಲವರು ಬೇಲಿಯಾಚೆ ನಿಂತು ನೋಡುವವರಷ್ಟೇ ಆಗಿ ಉಳಿಯಬಾರದು.

ಡ್ರೋನ್ ಕಟ್ಟಲು ಬೇಕಾದ ವಿದ್ಯೆಯ ಬಹುಪಾಲು ನಿಮ್ಮಲ್ಲಿ ಈಗಾಗಲೇ ಇದೆ ಎಂಬುದು ನನ್ನ ವಾದ. ಇದು ಹುರಿದುಂಬಿಸಲು ಹೇಳುವ ಮಾತಲ್ಲ, ಒಂದೊಂದು ಭಾಗವನ್ನೂ ಬಿಚ್ಚಿ ತೋರಿಸಬಹುದು. ಸ್ಪೀಕರಿನಿಂದಲೇ ಶುರುಮಾಡೋಣ. ಕಾಂತದ ಸಂದಿನಲ್ಲಿ ತಾಮ್ರದ ಸುರುಳಿ ಇರುತ್ತದೆ, ಅದರಲ್ಲಿ ಕರೆಂಟು ಹರಿದರೆ ಬಲ ಹುಟ್ಟಿ ಕೋನ್ ಹಿಂದೆ ಮುಂದೆ ಆಡುತ್ತದೆ. ಡ್ರೋನಿನ ಬ್ರಷ್‌ಲೆಸ್ ಮೋಟಾರಿನಲ್ಲಿಯೂ ಇರುವುದು ಕಾಂತ, ಸುರುಳಿ ಮತ್ತು ಕರೆಂಟೇ. ಸುರುಳಿ ಕದಲದೆ ನಿಂತು, ಕಾಂತಗಳನ್ನು ಅಂಟಿಸಿದ ಹೊರಗಿನ ಕವಚ ತಿರುಗುತ್ತದೆ ಎಂಬುದಷ್ಟೇ ಬೇರೆ. ಆ ಮೋಟಾರಿಗೆ ಕರೆಂಟು ಹಂಚುವ ಇಎಸ್‌ಸಿ ಎಂಬ ಬೋರ್ಡನ್ನು ನೋಡಿದರೆ ನಂಟು ಇನ್ನೂ ಸ್ಪಷ್ಟ. ಈಗ ಎಲ್ಲೆಡೆ ಸಿಗುವ ಕ್ಲಾಸ್-ಡಿ ಆಂಪ್ಲಿಫಯರ್ ಬೋರ್ಡಿನಲ್ಲಿ, ಒಂದು ಮೇಲೆ ಒಂದು ಕೆಳಗೆ ಎಂದು ಎರಡು ಮಾಸ್ಫೆಟ್‌ಗಳ ಹಾಫ್ ಬ್ರಿಜ್ ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚಿ ಸ್ಪೀಕರಿಗೆ ಕರೆಂಟು ಅಳೆದು ಕೊಡುತ್ತದೆ. ಇಎಸ್‌ಸಿಯಲ್ಲಿ ಅಂಥದೇ ಮೂರು ಹಾಫ್ ಬ್ರಿಜ್, ಆರು ಮಾಸ್ಫೆಟ್. ಮೇಲಿನದೂ ಕೆಳಗಿನದೂ ಒಟ್ಟಿಗೆ ತೆರೆದುಕೊಂಡರೆ ಎರಡೂ ಸುಟ್ಟುಹೋಗುತ್ತವೆ ಎಂಬ ಭಯವೂ ಅದೇ, ಅದಕ್ಕಾಗಿ ನಡುವೆ ಬಿಡುವ ಅರೆಕ್ಷಣದ ಅಂತರವೂ ಅದೇ. ಸ್ಪೀಕರಿನ ತುದಿಗಳಿಗೆ ಮುಳ್ಳಿನ ಮೀಟರ್ ಹಚ್ಚಿ ಕೋನನ್ನು ಬೆರಳಿನಿಂದ ಒತ್ತಿದರೆ ಮುಳ್ಳು ಅಲುಗುತ್ತದೆ. ಸುರುಳಿ ಕಾಂತದ ಬಳಿ ಚಲಿಸಿದಾಗ ತಾನೇ ವೋಲ್ಟೇಜು ಹುಟ್ಟಿಸುವುದರಿಂದ ಹಾಗಾಗುತ್ತದೆ. ಮೋಟಾರಿನೊಳಗೆ ಕಾಂತ ಈಗ ಎಲ್ಲಿದೆ ಎಂದು ತಿಳಿಯಲು ಇಎಸ್‌ಸಿ ಬಳಸುವುದು ಇದೇ ಗುಟ್ಟನ್ನು. ಬೇರೆ ಸೆನ್ಸರ್ ಇಲ್ಲದೆ, ಆ ಕ್ಷಣ ಕರೆಂಟಿಲ್ಲದೆ ಬಿಡುವಾಗಿರುವ ತಂತಿಯ ವೋಲ್ಟೇಜನ್ನು ಓದಿಯೇ ಅದು ಮುಂದಿನ ಹೆಜ್ಜೆ ಇಡುತ್ತದೆ. ಬ್ಯಾಟರಿ ಜೋಡಿಸಿದ ಕೂಡಲೇ ಡ್ರೋನ್ ಹೊರಡಿಸುವ ಆ ಮೂರು ಬೀಪ್ ಸದ್ದುಗಳಿವೆಯಲ್ಲ, ಅವಕ್ಕೆ ಬೇರೆ ಬಝರ್ ಬೇಕಿಲ್ಲ. ಮೋಟಾರಿನ ಸುರುಳಿಗೆ ಕಿವಿಗೆ ಕೇಳುವ ಆವರ್ತನದ ಕರೆಂಟು ಕೊಟ್ಟು ಇಎಸ್‌ಸಿ ಮೋಟಾರನ್ನೇ ಸ್ಪೀಕರ್ ಮಾಡಿಕೊಂಡಿರುತ್ತದೆ.

ಇದಕ್ಕಿಂತ ಆಳದ ನಂಟು ಫೀಡ್‌ಬ್ಯಾಕಿನಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಆಂಪ್ಲಿಫಯರನ್ನು ಕಂಡುಹಿಡಿದದ್ದು ದೂರವಾಣಿ ತಂತಿಗಳ ಮೇಲೆ ಹೋಗುವ ಮಾತು ಕೆಡದಿರಲಿ ಎಂದು. ಹೊರಗೆ ಬಂದದ್ದರ ಒಂದು ಪಾಲನ್ನು ಹಿಂದಕ್ಕೆ ತಂದು, ಒಳಗೆ ಕೊಟ್ಟದ್ದರ ಜೊತೆ ಹೋಲಿಸಿ, ತಪ್ಪನ್ನು ತಿದ್ದುವುದು ಅದರ ತಿರುಳು. ನೀವು ಕಟ್ಟುವ ಬಹುತೇಕ ಎಲ್ಲ ಆಂಪ್ಲಿಫಯರುಗಳಲ್ಲೂ ಅದಿದೆ. ಡ್ರೋನ್ ಹಾರುವುದೂ ಅದರಿಂದಲೇ. ನಾಲ್ಕು ರೆಕ್ಕೆಯ ಡ್ರೋನ್ ತನ್ನಷ್ಟಕ್ಕೆ ಸ್ಥಿರವಲ್ಲ. ಗಾಳಿಪಟಕ್ಕಿರುವ ಬಾಲವಾಗಲಿ ವಿಮಾನಕ್ಕಿರುವ ಹಿಂದಿನ ರೆಕ್ಕೆಯಾಗಲಿ ಅದಕ್ಕಿಲ್ಲ. ಗೈರೊಸ್ಕೋಪ್ ಸೆಕೆಂಡಿಗೆ ಸಾವಿರಾರು ಸಲ ವಾಲಿಕೆಯ ವೇಗವನ್ನು ಓದಿ ಹೇಳಿ, ಫ್ಲೈಟ್ ಕಂಟ್ರೋಲರ್ ಆ ತಪ್ಪಿಗೆ ತಕ್ಕಂತೆ ನಾಲ್ಕು ಮೋಟಾರುಗಳನ್ನು ತಿದ್ದುತ್ತಿದ್ದರೆ ಮಾತ್ರ ಅದು ಗಾಳಿಯಲ್ಲಿ ನಿಲ್ಲುತ್ತದೆ. ಈ ತಿದ್ದುಪಡಿ ಎಷ್ಟು ಗಟ್ಟಿಯಾಗಿರಬೇಕು ಎಂದು ನಿರ್ಧರಿಸುವುದೇ ಪಿಐಡಿ ಟ್ಯೂನಿಂಗ್. ಗೇನ್ ಕಡಿಮೆಯಾದರೆ ಡ್ರೋನ್ ಸೋಮಾರಿಯಾಗಿ ತೂಗಾಡುತ್ತದೆ. ಹೆಚ್ಚಾದರೆ ನಡುಗತೊಡಗುತ್ತದೆ, ಮೋಟಾರುಗಳು ಮುಟ್ಟಲಾಗದಷ್ಟು ಬಿಸಿಯಾಗುತ್ತವೆ. ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಕೂಯ್ ಎಂದು ಏಳುವ ಸದ್ದಿಗೂ ಈ ನಡುಕಕ್ಕೂ ಗಣಿತ ಒಂದೇ. ಸುತ್ತಿ ಬರುವ ಸಂಕೇತ ತಡವಾಗಿ ಬಂದು, ತಿದ್ದಬೇಕಾದ ಕಡೆ ಇನ್ನಷ್ಟು ತಳ್ಳುತ್ತದೆ. ಆಂಪ್ಲಿಫಯರ್ ಆಸಿಲೇಟ್ ಆಗದಂತೆ ಎಷ್ಟು ಪಿಕೊಫ್ಯಾರಡ್ ಹಾಕಬೇಕು ಎಂದು ತಲೆಕೆಡಿಸಿಕೊಂಡವರಿಗೆ ಈ ಹೊಯ್ದಾಟ ಹೊಸದಲ್ಲ.

ಫಿಲ್ಟರಿನ ಕಥೆಯೂ ಹೀಗೆಯೇ. ಮೋಟಾರು ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಅದರ ಅದುರುವಿಕೆ 200 ಹರ್ಟ್ಸ್. 24,000 ಸುತ್ತಿಗೆ 400 ಹರ್ಟ್ಸ್. ಅಂದರೆ ಡ್ರೋನಿನ ಗದ್ದಲವೆಲ್ಲ ನಿಮ್ಮ ಕಿವಿಗೆ ಪಳಗಿದ ಆವರ್ತನಗಳಲ್ಲಿಯೇ ಇದೆ. ಗೈರೊಸ್ಕೋಪಿನ ದಾಖಲೆಯನ್ನು ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಸ್ಪೆಕ್ಟ್ರಮ್. ಯಾವ ಗುಡ್ಡ ಮೋಟಾರಿನದು, ಯಾವುದು ಸಡಿಲ ಸ್ಕ್ರೂವಿನದು, ಯಾವುದು ಕಾರ್ಬನ್ ಚೌಕಟ್ಟಿನ ಅನುರಣನ ಎಂದು ಗುರುತಿಸುವ ಕೆಲಸ. ನಾಚ್ ಫಿಲ್ಟರ್ ಎಲ್ಲಿ ಕೂರಿಸಬೇಕು, ಲೋ-ಪಾಸ್ ಎಷ್ಟು ಕೆಳಗೆ ಇಳಿಸಿದರೆ ಫೇಸ್ ಎಷ್ಟು ಹಿಂದೆ ಬೀಳುತ್ತದೆ ಎಂಬ ಲೆಕ್ಕಾಚಾರ ಕ್ರಾಸ್‌ಓವರ್ ಮಾಡಿದವರಿಗೆ ಗೊತ್ತೇ ಇದೆ. ಅನಲಾಗ್ ಕ್ಯಾಮೆರಾ ಇರುವ ಡ್ರೋನಿನಲ್ಲಿ ಥ್ರಾಟಲ್ ಏರಿಸಿದೊಡನೆ ಚಿತ್ರದ ಮೇಲೆ ಗೆರೆಗಳು ಓಡುತ್ತವೆ. ಹೊಸಬರು ಕ್ಯಾಮೆರಾ ಕೆಟ್ಟಿತು ಎಂದು ಬದಲಿಸುತ್ತಾರೆ. ಗ್ರೌಂಡ್ ಲೂಪಿನ ಹಮ್ ಹಿಡಿದು ಹೊರಗಟ್ಟಿದ ನಿಮಗೆ ಮೊದಲ ನೋಟಕ್ಕೇ ಅನುಮಾನ ಬರುವುದು ಗ್ರೌಂಡ್ ವೈರಿನ ಹಾದಿಯ ಮೇಲೆ, ಬ್ಯಾಟರಿ ತುದಿಯಲ್ಲಿ ಕೂರಿಸಬೇಕಾದ ಲೋ-ಇಎಸ್ಆರ್ ಕೆಪಾಸಿಟರಿನ ಮೇಲೆ. ಆ ಅನುಮಾನ ಬಹುತೇಕ ಸರಿಯೇ ಇರುತ್ತದೆ.

ಹಾಗೆಂದು ಎಲ್ಲವೂ ಒಂದೇ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಆಡಿಯೊದಲ್ಲಿ ತೂಕ ಒಳ್ಳೆಯ ಲಕ್ಷಣ. ದಪ್ಪ ಟ್ರಾನ್ಸ್‌ಫಾರ್ಮರ್, ದೊಡ್ಡ ಹೀಟ್‌ಸಿಂಕ್ ನೋಡಿದರೆ ನಂಬಿಕೆ ಹುಟ್ಟುತ್ತದೆ. ಇಲ್ಲಿ ಒಂದೊಂದು ಗ್ರಾಮೂ ಹಾರಾಟದ ಸಮಯ ತಿನ್ನುತ್ತದೆ. ಚಿಪ್ ಆಂಪ್ಲಿಫಯರಿನಲ್ಲಿ ನಾಲ್ಕೈದು ಆಂಪಿಯರ್ ದೊಡ್ಡ ಕರೆಂಟು. ಐದಿಂಚಿನ ರೆಕ್ಕೆಯ ಡ್ರೋನ್ ಪೂರ್ತಿ ಥ್ರಾಟಲಿನಲ್ಲಿ ನೂರು ಆಂಪಿಯರ್ ದಾಟಬಲ್ಲದು. ಆ ಕರೆಂಟು ಹರಿಯುವ ಎಕ್ಸ್‌ಟಿ60 ಕನೆಕ್ಟರಿನ ಬೆಸುಗೆ ಒಳಗೆ ತಣ್ಣಗೆ ಉಳಿದಿದ್ದರೆ ಹಾರಾಟದ ನಡುವೆ ಬಿಟ್ಟುಕೊಳ್ಳುತ್ತದೆ. ಆಂಪ್ಲಿಫಯರಿನಲ್ಲಿ ಕೆಟ್ಟ ಬೆಸುಗೆ ಕರಕರ ಸದ್ದು ಮಾಡಿ ಎಚ್ಚರಿಸುತ್ತದೆ, ಡ್ರೋನಿನಲ್ಲಿ ಎಚ್ಚರಿಸದೆ ಬೀಳಿಸುತ್ತದೆ. ನಾಲ್ಕು ಸೆಲ್ಲಿನ 1,500 ಮಿಲಿಆಂಪಿಯರ್ ಅವರ್ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಸುಮಾರು 22 ವ್ಯಾಟ್ ಅವರ್ ಶಕ್ತಿ ಇದೆ. ಐದಾರು ನಿಮಿಷದಲ್ಲಿ ಅದನ್ನು ಖಾಲಿ ಮಾಡುವ ಯಂತ್ರ ಇದು. ಆ ಶಕ್ತಿ ಒಂದೇ ಕ್ಷಣದಲ್ಲಿ ಶಾರ್ಟ್ ಆಗಿ ಹೊರಬಂದರೆ ಬೆಂಕಿ. ಸೆಲ್ಲಿಗೆ 4.2 ವೋಲ್ಟ್ ಮೀರಿ ಚಾರ್ಜ್ ಮಾಡಬಾರದು, 3.3ಕ್ಕಿಂತ ಕೆಳಗೆ ಇಳಿಸಬಾರದು, ಎತ್ತಿಡುವಾಗ 3.8ರ ಆಸುಪಾಸಿನಲ್ಲಿಡಬೇಕು, ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು, ಚಾರ್ಜಿಗಿಟ್ಟು ಮನೆಯಿಂದ ಹೊರಗೆ ಹೋಗಬಾರದು. ಆಂಪ್ಲಿಫಯರಿನ ಫ್ಯೂಸು ಕ್ಷಮಿಸುವಂತೆ ಈ ಬ್ಯಾಟರಿ ಕ್ಷಮಿಸುವುದಿಲ್ಲ.

ಆದರೆ ಇಂಥ ಎಚ್ಚರವನ್ನೇ ನಿಮ್ಮ ಕಸುಬು ನಿಮಗೆ ಕಲಿಸಿದೆ. ರಿಪೇರಿಯಾದ ಆಂಪ್ಲಿಫಯರನ್ನು ನೇರ ಕರೆಂಟಿಗೆ ಹಚ್ಚದೆ ಮೊದಲು ಸೀರೀಸ್ ಬಲ್ಬಿನಲ್ಲಿ ನೋಡುವುದು ನಮ್ಮ ಮೆಕ್ಯಾನಿಕ್‌ಗಳ ಪದ್ಧತಿ. ಬಲ್ಬ್ ಜೋರಾಗಿ ಉರಿದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಡ್ರೋನ್ ಕಟ್ಟುವವರು ಸ್ಮೋಕ್ ಸ್ಟಾಪರ್ ಎಂದು ಕೊಳ್ಳುವ ಸಾಧನದ ಕೆಲಸವೂ ಇದೇ. ಬ್ಯಾಟರಿಗೂ ಬೋರ್ಡಿಗೂ ನಡುವೆ 12 ವೋಲ್ಟಿನ ವಾಹನದ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕಿ ಮೊದಲ ಸಲ ಹಚ್ಚಿ ನೋಡಿದರೆ ಎಷ್ಟೋ ಬೋರ್ಡುಗಳು ಉಳಿಯುತ್ತವೆ. ಬಿಸಿಬಿಸಿ ಉತ್ಸಾಹದ ಹೊಸಬರಿಗಿಂತ ನೀವು ಈ ಹವ್ಯಾಸಕ್ಕೆ ಹೆಚ್ಚು ಬೇಕಾದವರು ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ಪ್ರೋಗ್ರಾಮಿಂಗ್ ಬರುವುದಿಲ್ಲ ಎನ್ನುತ್ತೀರಿ. ಬರಬೇಕಾಗಿಲ್ಲ. ಬೀಟಾಫ್ಲೈಟ್, ಐನ್ಯಾವ್, ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ ಪರದೆಯ ಮೇಲೆ ಅಂಕಿ ಬದಲಿಸುವುದು ಗ್ರಾಫಿಕ್ ಈಕ್ವಲೈಸರ್ ಹೊಂದಿಸಿದವರಿಗೆ ಕಷ್ಟವಲ್ಲ. ಸಿದ್ಧ ಡ್ರೋನ್ ಕೊಂಡರಾಯಿತಲ್ಲ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಕಾನೂನೇ ಉತ್ತರ ಕೊಟ್ಟಿದೆ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಸಿದ್ಧ ಡ್ರೋನುಗಳ ಆಮದನ್ನು, ಬಿಡಿಸಿ ತರುವ ಕಿಟ್‌ಗಳನ್ನೂ ಸೇರಿಸಿ, ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಯಂಥ ಉದ್ದೇಶಗಳಿಗಷ್ಟೇ ವಿನಾಯಿತಿ. ಬಿಡಿಭಾಗಗಳ ಆಮದಿಗೆ ಮಾತ್ರ ಅಡ್ಡಿಯಿಡಲಿಲ್ಲ. ಕಟ್ಟುವವರಿಗೆ ಬಾಗಿಲು ತೆರೆದೇ ಇದೆ. ಖರ್ಚಿನ ಮಾತು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೈಯಲ್ಲಿ ಕಟ್ಟಿದ ಡ್ರೋನ್ ಬಿದ್ದು ಮುರಿದರೆ ಒಂದು ಕಾಲು, ಒಂದು ಮೋಟಾರು ಬದಲಿಸಿದರೆ ಸಾಕು. ಅಂಗಡಿಯಿಂದ ತಂದದ್ದು ಬಿದ್ದರೆ ಹಾಗೆ ಆಗುವುದು ಅಪರೂಪ. ಹಾರಿಸುವುದನ್ನು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕಲಿತ ಮೇಲೆಯೇ ಬಯಲಿಗೆ ಹೋದರೆ ಖರ್ಚಿನ ದೊಡ್ಡ ಪಾಲು ಉಳಿಯುತ್ತದೆ.

ನಿಜವಾಗಿ ತೂಕದ ಆಕ್ಷೇಪ ಇನ್ನೊಂದಿದೆ. ಆಂಪ್ಲಿಫಯರ್ ಯಾರನ್ನೂ ಕೊಲ್ಲುವುದಿಲ್ಲ, ಡ್ರೋನು ಯುದ್ಧದ ಆಯುಧವಾಗಿದೆ, ಪಕ್ಕದ ಮನೆಯ ಅಂಗಳಕ್ಕೆ ಇಣುಕುವ ಕಣ್ಣಾಗಿದೆ, ಇಂಥದ್ದನ್ನು ಹವ್ಯಾಸವೆಂದು ಹರಡುವುದು ಸರಿಯೇ ಎಂದು ನಿಮ್ಮ ಮನೆಯವರೇ ಕೇಳುತ್ತಾರೆ. ಉಕ್ರೇನಿನ ಯುದ್ಧದಲ್ಲಿ ಹವ್ಯಾಸಿಗಳು ಬಳಸುವಂಥ ಬಿಡಿಭಾಗಗಳಿಂದಲೇ ಕಟ್ಟಿದ ಡ್ರೋನುಗಳು ಜನರನ್ನು ಕೊಂದಿರುವುದು ಸತ್ಯ. ಏಳುನೂರು ಗ್ರಾಮಿನ ಡ್ರೋನ್ 60 ಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ, ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 120 ಕಿಲೊಮೀಟರ್ ವೇಗದಲ್ಲಿರುತ್ತದೆ ಎಂಬುದೂ ಸತ್ಯ. ಆದ್ದರಿಂದ ಈ ಆಕ್ಷೇಪವನ್ನು ತಳ್ಳಿಹಾಕುವವರ ಜೊತೆ ನಾನಿಲ್ಲ. ನಾನು ಹೇಳುವುದು ಬೇರೆ: ಡ್ರೋನುಗಳು ಹೇಗೂ ಬಂದಾಗಿದೆ. ಅವುಗಳನ್ನು ಅರ್ಥಮಾಡಿಕೊಂಡು, ನೋಂದಾಯಿಸಿ, ಹಗಲು ಬೆಳಕಿನಲ್ಲಿ ಹಾರಿಸುವ ಜವಾಬ್ದಾರಿಯುತ ಜನ ಪ್ರತಿ ಊರಿನಲ್ಲೂ ಇದ್ದರೆ, ತಪ್ಪಾಗಿ ಹಾರಿಸುವವನಿಗೆ ಹೇಳುವವರು, ಪೊಲೀಸರಿಗೂ ಪಂಚಾಯಿತಿಗೂ ವಿವರಿಸಿ ತಿಳಿಸುವವರು ಸಿಗುತ್ತಾರೆ. ಬಲ್ಲವರೇ ದೂರ ನಿಂತರೆ ಕ್ಷೇತ್ರ ಉಳಿಯುವುದು ಅರಿಯದವರ ಕೈಯಲ್ಲಿ.

ಕಾನೂನು ಹವ್ಯಾಸಿಯ ಶತ್ರುವಲ್ಲ. 2021ರ ಆಗಸ್ಟ್ 25ರಂದು ಹೊರಬಂದ ಡ್ರೋನ್ ನಿಯಮಗಳು 250 ಗ್ರಾಮಿನವರೆಗಿನದನ್ನು ನ್ಯಾನೊ ಎಂದೂ, ಅಲ್ಲಿಂದ 2 ಕಿಲೊವರೆಗಿನದನ್ನು ಮೈಕ್ರೊ ಎಂದೂ ಕರೆದವು. ವ್ಯಾಪಾರಕ್ಕಲ್ಲದೆ 2 ಕಿಲೊವರೆಗಿನ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಕಲಿಕೆಗೋ ಸಂತೋಷಕ್ಕೋ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೊ ಮೀರದ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟ್ ಬೇಡ. ಇಷ್ಟು ಸಡಿಲಿಕೆ ಕೊಟ್ಟು ನಿಯಮಗಳು ಬಿಗಿಮಾಡಿರುವುದು ಆಕಾಶದ ಜಾಗವನ್ನು. ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿದೆ. ಹಸಿರಿನಲ್ಲಿ 120 ಮೀಟರಿನವರೆಗೆ, ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೊಮೀಟರ್ ಅಂತರದಲ್ಲಿ 60 ಮೀಟರಿನವರೆಗೆ ಹಾರಬಹುದು. ಪಟಾನ್‌ಚೆರುವಿನ ನಮಗೆ ಈ ನಕ್ಷೆ ಬಹಳ ಮುಖ್ಯ. ಈಶಾನ್ಯಕ್ಕೆ ದುಂಡಿಗಲ್ಲಿನಲ್ಲಿ ವಾಯುಪಡೆ ಅಕಾಡೆಮಿಯ ತರಬೇತಿ ವಿಮಾನಗಳು ಹಾರುತ್ತವೆ, ಪಶ್ಚಿಮಕ್ಕೆ ಎದ್ದುಮೈಲಾರಂನಲ್ಲಿ ರಕ್ಷಣಾ ಕಾರ್ಖಾನೆ ಇದೆ. ಊರಿಗೆ ಹೋದಾಗ ಬೀದರಿನಲ್ಲಿ ಹಾರಿಸುತ್ತೇನೆ ಎನ್ನುವವರಿಗೆ ಅಲ್ಲಿಯೂ ವಾಯುಪಡೆಯ ತರಬೇತಿ ನೆಲೆ ಇದೆ. ತರಬೇತಿಯ ವಿಮಾನದಲ್ಲಿ ಕೂತ ಹುಡುಗ ಅಥವಾ ಹುಡುಗಿಯ ಜೀವಕ್ಕಿಂತ ನಮ್ಮ ಭಾನುವಾರದ ಹಾರಾಟ ದೊಡ್ಡದಲ್ಲ. ರೇಡಿಯೊ ತರಂಗದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ನಮ್ಮಲ್ಲಿ ಪರವಾನಗಿ ಬೇಡದ್ದು 865ರಿಂದ 868 ಮೆಗಾಹರ್ಟ್ಸ್, 2.4 ಗಿಗಾಹರ್ಟ್ಸ್ ಮತ್ತು 5.8 ಗಿಗಾಹರ್ಟ್ಸಿನಂಥ ಪಟ್ಟಿಗಳು, ಅದೂ ಶಕ್ತಿಯ ಮಿತಿಯೊಳಗೆ. ಅಮೆರಿಕಕ್ಕೆಂದು ಮಾಡಿದ 915 ಮೆಗಾಹರ್ಟ್ಸಿನ ಮಾಡ್ಯೂಲ್ ಅಗ್ಗವಾಗಿ ಸಿಕ್ಕಿತೆಂದು ತರಬೇಡಿ, ಇಲ್ಲಿ ಆ ಪಟ್ಟಿಯ ಒಂದು ಭಾಗ ಮೊಬೈಲ್ ಜಾಲದ್ದು.

ಹವ್ಯಾಸ ಹವ್ಯಾಸವಾಗಿಯೇ ಇರಲಿ, ಅದನ್ನು ದುಡ್ಡಿನ ದಾರಿ ಎಂದು ನಿಮಗೆ ತೋರಿಸುತ್ತಿಲ್ಲ. ಆದರೂ ಒಂದು ಮಾತು. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧ ಸಿಂಪಡಿಸುವ ಡ್ರೋನ್ ಕೊಡಿಸುವ ಗುರಿ ಇಟ್ಟುಕೊಂಡಿತು. ಬೀದರ್, ಕಲಬುರಗಿಯ ತೊಗರಿ ಹೊಲದಲ್ಲಿ ಅಂಥದೊಂದು ಕೆಟ್ಟು ನಿಂತರೆ ತಯಾರಕರ ಅಧಿಕೃತ ತಂತ್ರಜ್ಞ ಬರಬೇಕು. ಆ ತಂತ್ರಜ್ಞ ಎಲ್ಲಿ ತಯಾರಾಗುತ್ತಾನೆ? ರೇಡಿಯೊ, ಟೇಪ್‌ರೆಕಾರ್ಡರ್, ಟಿವಿ ಬಂದಾಗ ನಮ್ಮ ಊರುಗಳಿಗೆ ಮೆಕ್ಯಾನಿಕ್‌ಗಳನ್ನು ಕೊಟ್ಟವರಲ್ಲಿ ದೊಡ್ಡ ಪಾಲು, ಕುತೂಹಲಕ್ಕೆ ಪೆಟ್ಟಿಗೆ ಬಿಚ್ಚಿ ನೋಡಿದವರದು. ಈ ಸಲವೂ ಅದು ಹಾಗೆಯೇ ನಡೆಯಬೇಕಾದರೆ ಬಿಚ್ಚಿ ತೋರಿಸುವ ಹಿರಿಯರೊಬ್ಬರು ಕೇರಿಯಲ್ಲಿರಬೇಕು.

ಹೀಗಾಗಿ ನಿಮ್ಮಲ್ಲಿ ನನ್ನ ಕೋರಿಕೆಗಳು ಕೆಲವು. ಮೊದಲ ಡ್ರೋನನ್ನು 250 ಗ್ರಾಮಿನೊಳಗೆ, ರೆಕ್ಕೆಗೆ ಕಾವಲು ಬಳೆ ಇರುವಂತೆ ಕಟ್ಟಿ. ಮೇಜಿನ ಮೇಲೆ ಪರೀಕ್ಷಿಸುವಾಗ ರೆಕ್ಕೆಗಳನ್ನು ಬಿಚ್ಚಿಟ್ಟೇ ಬ್ಯಾಟರಿ ಹಚ್ಚಿ. ಈ ಒಂದು ನಿಯಮವನ್ನು ಯಾವ ಅವಸರದಲ್ಲೂ ಮುರಿಯಬೇಡಿ, ಬೆರಳುಗಳು ಮತ್ತೆ ಬೆಳೆಯುವುದಿಲ್ಲ. ಹೊರಡುವ ಮುನ್ನ ನಕ್ಷೆ ನೋಡಿ, ಆ ದಿನ ಸ್ಥಳೀಯ ಪೊಲೀಸರ ನಿಷೇಧವೇನಾದರೂ ಇದೆಯೇ ಎಂದು ವಿಚಾರಿಸಿ, ಡ್ರೋನನ್ನು ನೋಂದಾಯಿಸಿ. ನಿಯಮಗಳು ಬದಲಾಗುತ್ತಿರುವುದರಿಂದ ಹೋದ ವರ್ಷ ತಿಳಿದದ್ದನ್ನು ನಂಬಿ ಕೂರಬೇಡಿ. ವಿಡಿಯೊ ಕನ್ನಡಕ ಹಾಕಿ ಹಾರಿಸುವುದಾದರೆ ಪಕ್ಕದಲ್ಲಿ ಬರಿಗಣ್ಣಿನಿಂದ ನೋಡುವ ಜೊತೆಗಾರರೊಬ್ಬರಿಲ್ಲದೆ ಮೇಲೇರಿಸಬೇಡಿ. ಜನರ ತಲೆಯ ಮೇಲೆ, ಜಾತ್ರೆಯ ಮೇಲೆ, ಯಾರದೋ ಮನೆಯ ಮೇಲೆ ಬೇಡ. ಕಟ್ಟಿದ್ದನ್ನು, ಕೆಟ್ಟದ್ದನ್ನು, ಸರಿಮಾಡಿದ್ದನ್ನು ಕನ್ನಡದಲ್ಲಿ ಬರೆದಿಡಿ. ಇಎಸ್‌ಸಿ ಸುಟ್ಟ ಕಾರಣವನ್ನು ಕನ್ನಡದಲ್ಲಿ ವಿವರಿಸುವ ಬರಹ ಹುಡುಕಿದರೂ ಸಿಗುವುದು ಕಡಿಮೆ, ಆ ಕೊರತೆಯನ್ನು ನೀವಲ್ಲದೆ ಬೇರಾರೂ ತುಂಬಲಾರರು.

ಕೊನೆಯ ಕೋರಿಕೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತಿಂಗಳಿಗೊಂದು ಭಾನುವಾರ ನಿಮ್ಮ ಮೇಜನ್ನು ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದಿನ ಐಟಿಐ ಮತ್ತು ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ತೆರೆದಿಡಿ. ಕನ್ನಡ, ತೆಲುಗು, ದಖನಿ ಯಾವ ಭಾಷೆಯಾದರೂ ಆದೀತು. ಅವರಿಗೆ ತಂತ್ರಾಂಶ ಗೊತ್ತು, ನಿಮಗೆ ಬೆಸುಗೆ ಗೊತ್ತು. ಅವರಿಂದ ಕಲಿಯಲು ಸಂಕೋಚ ಬೇಡ, ಕಲಿಸಲು ಜಿಪುಣತನ ಬೇಡ. ಆಂಪ್ಲಿಫಯರನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ, ಅದು ಮೇಜಿನ ಮೇಲೆ ಹಾಡುತ್ತಲೇ ಇರಲಿ. ಅದರ ಪಕ್ಕದಲ್ಲಿ ಒಂದು ಚೌಕಟ್ಟು, ನಾಲ್ಕು ಮೋಟಾರುಗಳಿಗೂ ಜಾಗ ಮಾಡಿಕೊಡಿ ಎಂದು ಕೈಜೋಡಿಸಿ ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪಟಾನ್‌ಚೆರುವಿನ ಒಬ್ಬ ಕನ್ನಡಿಗ